ಮೇಲೆ ಹೋಗುವ ಚೆಂಡು

ನಮ್ಮ ಜಂಕ್ಷನ್ ತಂಡ ಅರಸೀಕೆರೆಯಲ್ಲಿ ಆಡಿದರೆ ಸೋಲುತ್ತಿರಲಿಲ್ಲ. ಬೇರೆ ಊರಿಗೆ ಹೋಗಿ ಆಡಿದರೆ ಗೆಲ್ಲುವುದು ಅಪರೂಪ. ತೊಂಬತ್ತೊಂಬತ್ತರ ಚಳಿಗಾಲದ ಹೊತ್ತಿಗೆ ರೈಲ್ವೆ ಮೈದಾನದ ಪಕ್ಕದ ರುಕ್ಮಿಣಮ್ಮನ ಟೀ ಅಂಗಡಿಯಲ್ಲಿ ಇದಕ್ಕೆ ಹೇಳದ ಕಾರಣವೇ ಉಳಿದಿರಲಿಲ್ಲ. ಬೇಲೂರಿನ ಬಿಸಿಲು, ಅರೇಹಳ್ಳಿಯ ಮಂಜು, ಬಾಣಾವರದ ಉಪ್ಪು ನೀರು, ಹಳೇಬೀಡಿಗೆ ಹೋಗುವ ಬಸ್ಸಿನ ಹಿಂದಿನ ಸೀಟು, ಎಲ್ಲವನ್ನೂ ಒಂದೊಂದು ಸಲ ದೂರಿಯಾಗಿತ್ತು. ಕೊನೆಗೆ ದೂರು ನನ್ನ ತಮ್ಮ ಧರ್ಮೇಶನ ಮೇಲೆ ಬಂದು ನಿಂತಿತ್ತು. ಅವನು ಗೋಲ್‌ಕೀಪರ್.

ಮಳೆಗಾಲ ಮುಗಿದ ಮೇಲೆ ಭಾನುವಾರಗಳಲ್ಲಿ ನಡೆಯುತ್ತಿದ್ದ ಲೀಗು ಅದು. ಐದು ತಂಡ: ಅರಸೀಕೆರೆ ಜಂಕ್ಷನ್, ಬಾಣಾವರ, ಹಳೇಬೀಡು, ಬೇಲೂರು, ಅರೇಹಳ್ಳಿ. ಪ್ರತಿ ತಂಡವೂ ಇನ್ನೊಂದರ ಜೊತೆ ತನ್ನೂರಿನಲ್ಲಿ ಒಂದು ಸಲ, ಅವರೂರಿನಲ್ಲಿ ಒಂದು ಸಲ ಆಡಬೇಕು. ಮೊದಲು ಬಂದವರಿಗೆ ಹಿತ್ತಾಳೆ ಫಲಕ ಹೊಡೆದ ಒಂದು ಮರದ ಶೀಲ್ಡು. ಯಾವ ಪತ್ರಿಕೆಯಲ್ಲೂ ಇದರ ಸುದ್ದಿ ಬರುತ್ತಿರಲಿಲ್ಲ. ಆದರೆ ರುಕ್ಮಿಣಮ್ಮನ ಅಂಗಡಿಯ ಬೆಂಚಿನ ಮೇಲೆ ಕೂತವರಿಗೆ ಬಾಣಾವರಕ್ಕೂ ಕಲ್ಕತ್ತಾದ ಮೋಹನ್ ಬಗಾನ್‌ಗೂ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೂ ಬಹಳ ದೂರವೇನೂ ಇರಲಿಲ್ಲ. ಒಂದು ಲೋಟ ಟೀ ಮುಗಿಯುವುದರೊಳಗೆ ಮೂರೂ ಕಡೆ ಹೋಗಿ ಬರುತ್ತಿದ್ದರು.

ಮೇಲಿನ ಲೀಗುಗಳ ಸುದ್ದಿ ತರುತ್ತಿದ್ದವರು ಚಂದ್ರಶೇಖರಯ್ಯನವರು. ನಿವೃತ್ತ ಸ್ಟೇಷನ್ ಮಾಸ್ಟರ್. ಮನೆಗೆ ಕೇಬಲ್ ಹಾಕಿಸಿದ್ದೇ ಫುಟ್‌ಬಾಲಿಗಾಗಿ. ಊರಿನ ಲೀಗಿನ ಯಜಮಾನಿಕೆ ಮಾತ್ರ ಕೊಬ್ಬರಿ ಮಂಡಿಯ ಜಯದೇವಪ್ಪನವರದು. ತಂಡಕ್ಕೆ ಚೆಂಡು, ಬೂಟು, ಬಸ್ ಚಾರ್ಜು ಕೊಡುತ್ತಿದ್ದವರು ಅವರೇ ಆದ್ದರಿಂದ ಅವರ ದನಿಯೂ ಎಲ್ಲರಿಗಿಂತ ದೊಡ್ಡದು. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದೆ. ಕಾಲೇಜಿನಿಂದ ನಮ್ಮ ರೈಲ್ವೆ ಕ್ವಾರ್ಟರ್ಸಿಗೆ ಹೋಗುವ ದಾರಿಯಲ್ಲೇ ಆ ಅಂಗಡಿ. ಟೀಗೆಂದು ನಿಂತು, ಮಾತಿಗೆಂದು ಕೂತುಬಿಡುವುದು ಅಭ್ಯಾಸವಾಗಿತ್ತು.

ಬೇಲೂರಿನಲ್ಲಿ ಸೋತು ಬಂದ ಮಾರನೆಯ ಸಂಜೆ ಜಯದೇವಪ್ಪನವರು ಬಿಸಿಯಾಗಿದ್ದರು.

"ಹೊರಗಡೆ ಹೋದ್ರೆ ಇವ್ನ್ ಕೈ ಮೇಲೇಳೋದೇ ಇಲ್ಲ ಕಣ್ರೀ. ಚೆಂಡು ಬತ್ತಾ ಐತೆ, ಇವ್ನು ಹಾಸನದ್ ಬಸ್ ಬತ್ತದಾ ಅಂತ ನೋಡೋನಂಗೆ ನಿಂತವ್ನೆ!"

"ಮೇಲೆ ಹೋಗುತ್ತೆ ಅಂದ್ಕೊಂಡೆ," ಎಂದ ಧರ್ಮೇಶ್.

"ಎಲ್ಲಿಗೋಗ್ತದಪ್ಪಾ ಮೇಲೆ? ಸ್ವರ್ಗಕ್ಕಾ?" ಎಂದು ರುಕ್ಮಿಣಮ್ಮ ಬಾಣಲೆಯಿಂದ ಬೋಂಡ ಎತ್ತುತ್ತಲೇ ಕೇಳಿದಳು.

"ಹೋಮ್ ಗ್ರೌಂಡ್ ಅನ್ನೋದೇ ಹಾಗೆ," ಎಂದರು ಚಂದ್ರಶೇಖರಯ್ಯನವರು. "ಕಲ್ಕತ್ತಾದ ದೊಡ್ಡ ದೊಡ್ಡ ಟೀಮುಗಳೇ ಗೋವಾಕ್ಕೆ ಹೋದರೆ ಒದ್ದಾಡ್ತವೆ. ನಾನು ಟೀವೀಲಿ ನೋಡ್ತಾನೇ ಇರ್ತೀನಲ್ಲ. ಅದೊಂದು ಮನೋಧರ್ಮ."

"ಗೋವಾದ ಕತೆ ಬಿಡಿ ಸ್ವಾಮಿ," ಎಂದರು ಜಯದೇವಪ್ಪ. "ಬಾಣಾವರದೋರು ಏನಂತಾವ್ರೆ ಗೊತ್ತಾ? ನಿಮ್ ಕೀಪರ್ರು ಬೇಕೂಂತ್ಲೇ ಬಿಡ್ತಾನೆ ಅಂತಾವ್ರೆ."

ಧರ್ಮೇಶ್ ಲೋಟ ಇಟ್ಟು ಎದ್ದು ಹೋದ. ಆ ಮಾತು ಅವನಿಗೆ ಎಷ್ಟು ನಾಟಿತೆಂದು ನನಗೆ ಗೊತ್ತಿತ್ತು. ಫೆಬ್ರವರಿಯಲ್ಲಿ ಬೆಂಗಳೂರಿನ ಒಂದು ಕಾರ್ಖಾನೆಯ ತಂಡ ಹೊಸ ಆಟಗಾರರನ್ನು ಆರಿಸಿಕೊಳ್ಳುವುದಿತ್ತು. ಇಪ್ಪತ್ತೊಂದು ದಾಟಿದವರಿಗೆ ಅವಕಾಶವಿರಲಿಲ್ಲ, ಅವನಿಗೆ ಇದೇ ಕೊನೆಯ ವರ್ಷ. ಐಟಿಐ ಮುಗಿಸಿದವನಿಗೆ ಬೇರೆ ಕೆಲಸ ಸಿಗದೆಂದಲ್ಲ. ಆದರೆ ಹದಿನಾರನೆಯ ವಯಸ್ಸಿನಿಂದ ಅವನು ಇನ್ನೇನೂ ಆಗಬೇಕೆಂದು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಬೆಂಗಳೂರಿನಲ್ಲಿ ಎಲ್ಲ ಮೈದಾನವೂ ಅವನಿಗೆ ಹೊರಗಿನ ಮೈದಾನವೇ. ಅಲ್ಲಿಯೂ ಹೀಗೇ ಕೈ ಇಳಿಬಿಟ್ಟು ನಿಂತರೆ?

ನನಗೆ ಕುತೂಹಲ ಹುಟ್ಟಿಸಿದ್ದು ಅವನ ಉತ್ತರ. ಹೆದರಿದೆ ಎನ್ನಲಿಲ್ಲ, ಕಾಣಲಿಲ್ಲ ಎನ್ನಲಿಲ್ಲ. ಮೇಲೆ ಹೋಗುತ್ತೆ ಅಂದ್ಕೊಂಡೆ ಅಂದ.

"ಈ ವರ್ಷ ಹೊರಗಡೆ ನಮಗೆ ಬಿದ್ದ ಗೋಲುಗಳು ಒಂದೊಂದೂ ಎಲ್ಲಿಂದ ಒಳಗೆ ಹೋದವು, ನೆನಪಿದೆಯಾ ಯಾರಿಗಾದರೂ?" ಎಂದು ಕೇಳಿದೆ.

ಅದು ಕೇಳಬಾರದ ಪ್ರಶ್ನೆ. ಎಲ್ಲರಿಗೂ ಎಲ್ಲವೂ ನೆನಪಿತ್ತು. ಒಬ್ಬರ ಮಾತು ಒಬ್ಬರಿಗೆ ಕೇಳದಂತಾದಾಗ ನಾನು ಚೀಲದಿಂದ ಕೆಂಪು ಸೀಮೆಸುಣ್ಣ ತೆಗೆದು ಅಂಗಡಿಯ ಹೊರಗೋಡೆಯ ಮೇಲೆ ಒಂದು ಗೋಲು ಬರೆದೆ. ಎರಡು ಕಂಬ, ಮೇಲೊಂದು ಗೆರೆ.

"ಅಯ್ಯೋ ಮೇಡಮ್ಮೋರೆ, ಸುಣ್ಣ ಹೊಡ್ಸಿ ಇನ್ನೂ ದೀಪಾವಳಿ ವಾಸ್ನೆ ಹೋಗಿಲ್ಲ!" ಎಂದು ರುಕ್ಮಿಣಮ್ಮ ಕೂಗಿದಳು. ಆದರೆ ಮೊದಲ ಗುರುತು ಹಾಕಿದವಳು ಅವಳೇ. ಬಾಣಾವರದ ಮ್ಯಾಚಿಗೆ ಅವಳೂ ಹೋಗಿದ್ದಳು. "ಇಲ್ಲಿ. ಬಲಗಡೆ ಮೂಲೆ, ಮೇಲೆ."

"ಅಷ್ಟು ಮೇಲಲ್ಲ ಕಣಮ್ಮ," ಎಂದರು ಜಯದೇವಪ್ಪ.

"ನೀವು ಆಗ ಶೇಂಗಾ ತಗೊಳಕ್ಕೆ ಹೋಗಿದ್ರಿ ಸುಮ್ಕಿರಿ."

ಬೇಲೂರಿನ ಎರಡು, ಅರೇಹಳ್ಳಿಯ ಮೂರು ಗೋಲುಗಳನ್ನು ಒಬ್ಬೊಬ್ಬರೇ ಎದ್ದು ಬಂದು ಹಾಕಿದರು. ಒಂದೆರಡನ್ನು ಜಗಳವಾಡಿ ಅಳಿಸಿ ಮತ್ತೆ ಹಾಕಿದರು. ಎಲ್ಲ ಮುಗಿದಾಗ ನಾವು ಸ್ವಲ್ಪ ಹಿಂದೆ ಸರಿದು ನಿಂತು ನೋಡಿದೆವು. ಗುರುತುಗಳೆಲ್ಲ ಮೇಲಿನ ಗೆರೆಯ ಕೆಳಗೇ, ತಂತಿಯ ಮೇಲೆ ಕೂತ ಗುಬ್ಬಿಗಳ ಹಾಗೆ ಸಾಲಾಗಿದ್ದವು. ಮಧ್ಯದಲ್ಲಾಗಲಿ ನೆಲದ ಹತ್ತಿರವಾಗಲಿ ಒಂದೂ ಇರಲಿಲ್ಲ.

"ಹಂಗಾರೆ ಇವ್ನಿಗೆ ನೆಗೆಯಾಕೆ ಬರಲ್ಲ ಅಂತಾಯ್ತು," ಎಂದರು ಜಯದೇವಪ್ಪ.

"ಇಲ್ಲಿ ನೆಗೀತಾನಲ್ಲ," ಎಂದೆ. "ಇಲ್ಲಿ ಮೇಲಿನ ಅಡ್ಡ ಪೈಪಿನ ಪಕ್ಕದ ಚೆಂಡನ್ನೂ ಹಿಡೀತಾನೆ."

ಚಂದ್ರಶೇಖರಯ್ಯನವರು ಮನೋಧರ್ಮ ಎಂಬ ಮಾತನ್ನು ಇನ್ನೊಂದು ಸಲ ಹೇಳಿ ನೋಡಿದರು. ಆ ಗುಬ್ಬಿಸಾಲಿನ ಮುಂದೆ ಅದು ನಿಲ್ಲಲಿಲ್ಲ.

ಮುಂದಿನ ಭಾನುವಾರ ಹಳೇಬೀಡಿನಲ್ಲಿ ಪಂದ್ಯ. ನಾನೂ ಹೋದೆ. ಗೋಲಿನ ಹಿಂದೆ, ಧರ್ಮೇಶನಿಗೆ ಕಾಣದ ಹಾಗೆ ಕೂತೆ. ಮೊದಲರ್ಧ ಅವನು ಚೆನ್ನಾಗಿಯೇ ಆಡಿದ. ನೆಲದ ಮೇಲೆ ಬಂದ ಚೆಂಡುಗಳಿಗೆ ಬೆಕ್ಕಿನ ಹಾಗೆ ಬಿದ್ದ. ಎರಡನೆಯ ಅರ್ಧಕ್ಕೆ ತಂಡಗಳು ಕಡೆ ಬದಲಿಸಿದಾಗ ನಾನೂ ಅವನ ಗೋಲಿನ ಹಿಂದಕ್ಕೇ ಹೋಗಿ ಕೂತೆ. ಆಗ ಹಳೇಬೀಡಿನ ಹುಡುಗನೊಬ್ಬ ದೂರದಿಂದ ಎತ್ತಿ ಹೊಡೆದ. ಚೆಂಡು ಮೆಲ್ಲಗೆ, ಎಲ್ಲರಿಗೂ ಕಾಣುವ ಹಾಗೆ ಬಂತು. ಧರ್ಮೇಶ್ ಅದನ್ನೇ ನೋಡುತ್ತಿದ್ದ. ಕಣ್ಣು ಎಲ್ಲೂ ತಪ್ಪಲಿಲ್ಲ. ಕೈ ಅರ್ಧ ಎತ್ತಿ ಇಳಿಸಿದ. ಮೇಲೆ ಹೋಗುವ ಚೆಂಡನ್ನು ಬಿಟ್ಟ ಕೀಪರನ ನಿರಾಳತೆ ಅವನ ಭುಜಗಳಲ್ಲಿತ್ತು. ಚೆಂಡು ಪೈಪಿನ ಕೆಳಗೆ ನುಗ್ಗಿ ನನ್ನ ಕಾಲ ಬಳಿ ಬಂದು ಬಿತ್ತು. ಅವನು ತಿರುಗಿ ನೋಡಿದ. ಸುಳ್ಳು ಹೇಳುವವನ ಮುಖವಲ್ಲ ಅದು. ಮೆಟ್ಟಿಲಿದೆಯೆಂದು ಕಾಲಿಟ್ಟು, ಇಲ್ಲದಾಗ ಮುಗ್ಗರಿಸಿದವನ ಮುಖ.

ಪಂದ್ಯ ಮುಗಿದು ಎಲ್ಲರೂ ಬಸ್ ಸ್ಟ್ಯಾಂಡಿನ ಕಡೆ ಹೊರಟ ಮೇಲೆ ನಾನು ಆ ಗೋಲಿನ ಕೆಳಗೆ ನಿಂತು ಕೈ ಎತ್ತಿದೆ. ಪೈಪು ಬಹಳ ದೂರವಿತ್ತು. ಅಕ್ಕಪಕ್ಕ ಯಾರೂ ಇಲ್ಲವೆಂದು ನೋಡಿಕೊಂಡು ದುಪಟ್ಟಾ ಸೊಂಟಕ್ಕೆ ಕಟ್ಟಿ ನೆಗೆದೆ. ಸಿಗಲಿಲ್ಲ.

ಸೋಮವಾರ ಬೆಳಿಗ್ಗೆ ಕಾಲೇಜಿಗೆ ಮುಂಚೆ ನಮ್ಮ ಮೈದಾನಕ್ಕೆ ಹೋದೆ. ಇಲ್ಲಿನ ಗೋಲಿನ ಕಂಬಗಳು ಮೀಟರ್ ಗೇಜಿನ ಕಾಲದ ಹಳೇ ರೈಲು ಕಂಬಿಗಳು. ಅವುಗಳ ತಲೆಯ ಮೇಲೆ ಒಂದು ಕಬ್ಬಿಣದ ಪೈಪನ್ನು ಬೋಲ್ಟು ಹಾಕಿ ಕೂರಿಸಿದ್ದರು. ಪೈಪಿನ ಕೆಳಗೆ ನಿಂತು ತುದಿಗಾಲಿನಲ್ಲಿ ಒಂದು ಸಣ್ಣ ನೆಗೆತ ನೆಗೆದೆ. ಬೆರಳುಗಳಿಗೆ ತಣ್ಣನೆಯ ಕಬ್ಬಿಣ ತಗುಲಿತು. ಇನ್ನೊಂದು ಸಲ ನೆಗೆದೆ. ಮತ್ತೆ ತಗುಲಿತು.

ಮಧ್ಯಾಹ್ನ ಲ್ಯಾಬಿನಿಂದ ಟೇಪು ತಂದೆ. ಧರ್ಮೇಶ್ ಒಂದು ತುದಿ ಹಿಡಿದ. ನೆಲದಿಂದ ಪೈಪಿಗೆ ಎಂಟು ಅಡಿ ಇರಬೇಕು. ಏಳು ಅಡಿ ಎರಡು ಇಂಚು ಇತ್ತು. ಇನ್ನೊಂದು ತುದಿಯ ಗೋಲಿನದೂ ಹೆಚ್ಚುಕಡಿಮೆ ಅಷ್ಟೆ.

"ತಪ್ಪು ಓದಿದೀಯ ಅಕ್ಕ," ಎಂದ. ತಾನೇ ಓದಿದ. ಆಮೇಲೆ ಟೇಪನ್ನು ಬಿಟ್ಟು ಪೈಪನ್ನೇ ನೋಡುತ್ತಾ ನಿಂತ.

ಕಂಬದ ಬುಡದಲ್ಲಿ ಒಂದು ಕೋಲಿನಿಂದ ಕೆದಕಿದೆ. ಮೇಲೆ ಬಳಿದಿದ್ದ ಬಿಳಿ ಬಣ್ಣ ನೆಲದ ಒಳಗೂ ಮುಂದುವರಿದಿತ್ತು. ಇನ್ನಷ್ಟು ಅಗೆದಾಗ ಬಣ್ಣ ಮುಗಿದು ಕಾಂಕ್ರೀಟು ಕಂಡಿತು. ನೆಲದ ಕೆಳಗೆ ಯಾರೂ ಬಣ್ಣ ಬಳಿಯುವುದಿಲ್ಲ. ಅಂದರೆ ಕಂಬ ಕುಗ್ಗಿರಲಿಲ್ಲ, ನೆಲವೇ ಮೇಲೆದ್ದಿತ್ತು.

ಸಂಜೆ ಅಂಗಡಿಯಲ್ಲಿ ಇದನ್ನು ಹೇಳಿದಾಗ ಚಂದ್ರಶೇಖರಯ್ಯನವರು ಹಣೆ ಚಚ್ಚಿಕೊಂಡರು.

"ಬ್ರಾಡ್ ಗೇಜ್ ಮಣ್ಣು! ನನ್ನ ಕಣ್ಣೆದುರಿಗೇ ಹಾಕಿಸಿದ್ದಲ್ಲಮ್ಮ ಅದು. ಮಳೆ ಬಂದರೆ ಈ ಗ್ರೌಂಡು ಕೆರೆ ಆಗ್ತಿತ್ತು. ಲೈನ್ ಅಗಲ ಮಾಡುವಾಗ ಏರಿಗೆ ತಂದ ಕೆಂಪು ಮಣ್ಣು ಮಿಕ್ಕಿತ್ತು. ಇಲ್ಲಿ ಸುರಿದು ರೋಲರ್ ಹೊಡೀರಪ್ಪಾ ಅಂತ ನಾವೇ ಕಂಟ್ರಾಕ್ಟರನ್ನ ಕೇಳಿಕೊಂಡ್ವಿ. ಎಂಥ ಚೆಂದದ ಗ್ರೌಂಡಾಯ್ತು ಅಂತ ಎಲ್ಲರೂ ಖುಷಿಪಟ್ಟಿದ್ದೇ ಪಟ್ಟಿದ್ದು!"

ಕಂಬಗಳ ಕಡೆ ಮಾತ್ರ ಯಾರೂ ನೋಡಿರಲಿಲ್ಲ. ಆಡುವವರು ಆ ವರ್ಷ ತಾವೇ ಎತ್ತರವಾಗಿದ್ದೇವೆಂದುಕೊಂಡಿರಬಹುದು. ಐದು ಊರಿನ ಗೋಲುಗಳೂ ಐದು ಥರ ಇದ್ದವು, ಒಂದು ಕಡೆ ಪೈಪು, ಒಂದು ಕಡೆ ನೀಲಗಿರಿ ಮರ. ಅಳೆದು ನೋಡುವ ಪದ್ಧತಿಯೇ ಇರಲಿಲ್ಲ. ಇಲ್ಲಿಗೆ ಬಂದ ತಂಡಗಳು ತಮ್ಮ ಹೊಡೆತಗಳೆಲ್ಲ ಮೇಲೆ ಹೋಗುವುದನ್ನು ಕಂಡು ಬೇರೆಯದೇ ಕಾರಣ ಹುಡುಕಿಕೊಂಡಿದ್ದವು. ಅರೇಹಳ್ಳಿಯ ಕ್ಯಾಪ್ಟನ್ ಲಾರೆನ್ಸ್, ಅರಸೀಕೆರೆಯ ಒಣಗಾಳಿಯಲ್ಲಿ ಚೆಂಡು ಹಗುರಾಗುತ್ತದೆಂದು ಎಲ್ಲರ ಮುಂದೆ ಹೇಳುತ್ತಿದ್ದ. ನಮ್ಮ ಫಾರ್ವರ್ಡುಗಳೋ ತಮಗೇ ಗೊತ್ತಿಲ್ಲದೆ ನೆಲ ಸವರಿ ಹೊಡೆಯುವುದನ್ನು ಕಲಿತಿದ್ದರು.

ಧರ್ಮೇಶ್ ಕೀಪರ್ ಆಗಿದ್ದು ಮಣ್ಣು ಬಿದ್ದ ಮೇಲೆ. ಎತ್ತರದ ಚೆಂಡು ಬಂದಾಗ ಕೀಪರ್ ತಿರುಗಿ ಪೈಪನ್ನು ನೋಡುವುದಿಲ್ಲ, ಅದಕ್ಕೆ ಸಮಯವಿಲ್ಲ. ಪೈಪು ಎಲ್ಲಿದೆಯೆಂದು ಅವನ ಮೈಗೆ ಗೊತ್ತಿರುತ್ತದೆ. ನಮ್ಮ ಕ್ವಾರ್ಟರ್ಸಿನ ಅಡುಗೆಮನೆ ಬಾಗಿಲು ತಗ್ಗು. ಇವನು ಬೇರೆಯವರ ಮನೆಗೆ ಹೋದಾಗಲೂ ಬಾಗಿಲಲ್ಲಿ ತಲೆ ತಗ್ಗಿಸುತ್ತಾನೆ. ಇದೂ ಹಾಗೆಯೇ. ಎಲ್ಲ ಊರಿನ ಗೋಲಿನ ಮುಂದೆಯೂ ಅವನು ಅರಸೀಕೆರೆಯ ಪೈಪಿನ ಕೆಳಗೇ ನಿಂತಿದ್ದ.

ಇಷ್ಟು ಹೇಳುವಾಗ ನನಗೊಂದು ಲೆಕ್ಕ ಬಿಡಿಸಿದ ಸಂತೋಷವಿತ್ತು. ಧರ್ಮೇಶನ ಮುಖ ನೋಡಿದ ಮೇಲೆ ಅದು ಇಳಿಯಿತು.

"ಹಂಗಾದ್ರೆ ಇಲ್ಲಿ ನಾನು ಉಳಿಸಿದ್ದು?" ಎಂದ. "ಇಷ್ಟು ವರ್ಷ ಇಲ್ಲಿ ಒಂದೂ ಮ್ಯಾಚು ಸೋತಿಲ್ಲ ಅಂತ ಎಲ್ರೂ ಹೊಗಳ್ತಿದ್ದಿದ್ದು?"

ರುಕ್ಮಿಣಮ್ಮ ಕೇಳದೆಯೇ ಅವನ ಮುಂದೆ ಒಂದು ಟೀ ಇಟ್ಟಳು.

ಆಮೇಲೆ ಬಾಯಿ ತೆರೆದವರು ಜಯದೇವಪ್ಪ. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. ಅವರು ದನಿ ತಗ್ಗಿಸಿದ್ದನ್ನು ನಾವು ಮೊದಲ ಸಲ ಕಂಡದ್ದು.

"ನೋಡ್ರಪ್ಪಾ. ಈ ವಿಸ್ಯ ಈ ಬೆಂಚಿಂದ ಆಚೆ ಹೋಗ್ಬಾರ್ದು. ಬರೋ ಭಾನ್ವಾರ ಅರೇಹಳ್ಳಿಯೋರು ಬತ್ತಾರೆ, ಕೊನೇ ಮ್ಯಾಚು. ಡ್ರಾ ಆದ್ರೂ ಸಾಕು, ಶೀಲ್ಡು ನಮ್ದು. ಸೋತ್ರೆ ಅವರ್ದು. ಶೀಲ್ಡು ಒಳಗಡೆ ಬರ್ಲಿ, ಸೋಮ್ವಾರ ನಾನೇ ನಿಂತು ಪೈಪು ಎತ್ತುಸ್ತೀನಿ."

"ಬೆಂಗಳೂರಿನ ಟ್ರಯಲ್ಲು ಅದರ ಮುಂದಿನ ಭಾನುವಾರ," ಎಂದೆ.

"ಒಂದ್ ವಾರ ಐತಲ್ಲಮ್ಮ."

ನಾನು ಯೋಚಿಸಿದೆ. ವರ್ಷಗಟ್ಟಲೆ ಕೂತ ಅಭ್ಯಾಸ ಒಂದು ವಾರದಲ್ಲಿ ಹೋಗುವುದಿಲ್ಲ, ಎರಡು ವಾರದಲ್ಲೂ ಪೂರ್ತಿ ಹೋಗಲಿಕ್ಕಿಲ್ಲ. ಪ್ರಾಕ್ಟೀಸಿನಲ್ಲಿ ಅಕ್ಕ ಎಸೆಯುವ ಚೆಂಡೇ ಬೇರೆ, ಲಾರೆನ್ಸ್ ಒದೆಯುವ ಚೆಂಡೇ ಬೇರೆ. ಬೆಂಗಳೂರಿಗೆ ಮುಂಚೆ ಅವನಿಗೆ ಸಿಗುವ ನಿಜವಾದ ಪಂದ್ಯ ಇದೊಂದೇ. ಆದರೆ ಶೀಲ್ಡು ಹನ್ನೊಂದು ಜನರದು. ನನ್ನ ತಮ್ಮನಿಗಾಗಿ ಅದನ್ನು ಪಣಕ್ಕಿಡಿ ಎಂದು ನಾನು ಹೇಗೆ ಹೇಳಲಿ?

ಹೇಳಿದವನು ಧರ್ಮೇಶ್. "ಪೈಪು ಎತ್ತದಿದ್ರೆ ನಾನು ನಿಲ್ಲಲ್ಲ."

"ಏನ್ಲಾ ಹಂಗಂದ್ರೆ?" ಎಂದು ಜಯದೇವಪ್ಪನವರ ದನಿ ಮೊದಲಿನ ಜಾಗಕ್ಕೆ ಏರಿತು. "ನಿಂಗೆ ತಲೆ ಕೆಟ್ಟೈತಾ? ಗೆದ್ದಿರೋ ಶೀಲ್ಡ್‌ನ ತಟ್ಟೇಲಿಟ್ಟು ಕೊಡ್ತೀಯಾ ಅವರ್ಗೆ?"

"ಅವರಿಗೆ ಗೊತ್ತಿಲ್ಲ, ನಮಗೆ ಗೊತ್ತಾಗೋಯ್ತಲ್ಲ. ಇನ್ನು ಹೆಂಗೆ ಆಡೋದು?" ಎಂದ. ಲೋಟವನ್ನು ಪಕ್ಕಕ್ಕೆ ಸರಿಸಿದ. "ಅದೂ ಅಲ್ಲ. ನಾನು ಕೀಪರ್ರಾ, ಇಲ್ಲ ಆ ಪೈಪು ಕೀಪರ್ರಾ? ನಂಗೆ ಗೊತ್ತಾಗ್ಬೇಕು. ಬೆಂಗಳೂರಿಗೆ ಹೋಗೋ ಮುಂಚೆ ಗೊತ್ತಾಗ್ಬೇಕು."

"ಅವನು ಹೇಳೋದು ಸರಿ," ಎಂದರು ಚಂದ್ರಶೇಖರಯ್ಯನವರು. "ಮಣ್ಣು ಹಾಕಿಸಿದವರಲ್ಲಿ ನಾನೂ ಒಬ್ಬ. ವೆಲ್ಡಿಂಗಿನ ವ್ಯವಸ್ಥೆ ನಂದು."

"ನೀವೂ ಶುರು ಮಾಡುದ್ರಾ! ಇಂಗ್ಲೆಂಡ್ ನೋಡಿ ನೋಡಿ ಕೆಟ್ಟೋದ್ರಿ ನೀವು."

ಬೇರೆ ಕೀಪರ್ ಇರಲಿಲ್ಲ. ಜಯದೇವಪ್ಪನವರು ಎರಡು ದಿನ ಅಂಗಡಿಗೆ ಬರಲಿಲ್ಲ. ಮೂರನೆಯ ದಿನ ಬಂದರು. ಕಂಬಗಳ ತಲೆಗೆ ತುಂಡು ಕಂಬಿ ಸೇರಿಸಿ ಬೆಸೆದು ಪೈಪನ್ನು ಮೇಲೆ ಕೂರಿಸುತ್ತಿದ್ದಾಗ ದೂರದಲ್ಲಿ ನಿಂತು, "ಈ ಕಡೆ ಒಂದ್ ದಾರದಷ್ಟು ಓರೆ ಐತೆ ನೋಡ್ರಲಾ," ಎಂದು ಕೂಗಿದರು. ಆಮೇಲೆ ಟೇಪಿನ ತುದಿಯನ್ನು ತಾವೇ ಹಿಡಿದರು.

ಉಳಿದ ದಿನಗಳಲ್ಲಿ ಬೆಳಿಗ್ಗೆಯೂ ಸಂಜೆಯೂ ನಾನು ಚೆಂಡು ಎಸೆದೆ. ಪೈಪಿನ ಕೆಳಗೆ, ಮೇಲೆ, ಕೆಳಗೆ, ಕೆಳಗೆ, ಮೇಲೆ, ಯಾವ ಕ್ರಮವೂ ಇಲ್ಲದ ಹಾಗೆ. ಬಿಡುವ ಚೆಂಡು ಯಾವುದು, ಹಿಡಿಯುವ ಚೆಂಡು ಯಾವುದು ಎಂದು ಅವನು ಎಸೆದ ಕೂಡಲೇ ಕೂಗಿ ಹೇಳಬೇಕು. ಮೊದಲು ಎಲ್ಲವೂ ತಪ್ಪಾಯಿತು. ಆಮೇಲೆ ಅವನು ಬಿಡುವುದನ್ನೇ ಬಿಟ್ಟುಬಿಟ್ಟ. ಎಲ್ಲದಕ್ಕೂ ಹಾರತೊಡಗಿದ. ಅದು ಉತ್ತರವಲ್ಲವೆಂದು ನನಗೆ ಅನಿಸಿತು. ಎಲ್ಲ ಪ್ರಶ್ನೆಗೂ ಹೌದು ಎಂದು ಬರೆದ ವಿದ್ಯಾರ್ಥಿಗೆ ಪಾಠ ಬಂದಿದೆ ಎನ್ನಲಾಗುವುದಿಲ್ಲ. ಆದರೆ ಭಾನುವಾರ ಬಂದುಬಿಟ್ಟಿತು.

ಅರೇಹಳ್ಳಿಯವರು ಒಂದು ಎಸ್ಟೇಟಿನ ಲಾರಿಯಲ್ಲಿ ಬಂದಿಳಿದರು. ಲಾರೆನ್ಸ್ ಬೂಟಿನ ಲೇಸು ಕಟ್ಟುತ್ತಾ ಗೋಲಿನ ಕಡೆ ನೋಡಿದ. ಲೇಸು ಬಿಟ್ಟು ಮತ್ತೆ ನೋಡಿದ.

"ಏನ್ ಜಯದೇವಪ್ನೋರೆ, ಕಂಬ ಬೆಳ್ದದೆ?"

"ತೆಂಗಿನ್ ಸೀಮೆ ಕಣಪ್ಪ. ಇಲ್ಲಿ ನೆಟ್ಟಿದ್ದೆಲ್ಲಾ ಬೆಳೀತದೆ," ಎಂದರು ಜಯದೇವಪ್ಪ. ಆದರೆ ಚಂದ್ರಶೇಖರಯ್ಯನವರು ಅವನನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ಹೇಳಿಬಿಟ್ಟರು. ಲಾರೆನ್ಸ್ ಬಾಯಿ ತೆರೆದು ಕೇಳಿದ. ಸಿಟ್ಟಾಗುತ್ತಾನೆಂದು ನಾನು ಕಾದೆ. ಅವನು ತನ್ನ ಹುಡುಗರ ಕಡೆ ತಿರುಗಿ, "ಲೋ, ಗಾಳಿದಲ್ಲ ಕಣ್ರೋ! ಗಾಳಿ ಸರಿಯಾಗೇ ಇತ್ತಂತೆ!" ಎಂದು ಕೂಗಿ ನಗತೊಡಗಿದ.

ಪಂದ್ಯ ಶುರುವಾಗಿ ಸ್ವಲ್ಪ ಹೊತ್ತಿಗೇ ಅವನ ಹೊಡೆತವೊಂದು ಎತ್ತರದಲ್ಲಿ ಬಂತು. ಧರ್ಮೇಶ್ ಕೈ ಎತ್ತಿದ, ಇಳಿಸಿದ. ಚೆಂಡು ಪೈಪಿನ ಕೆಳಗೆ ಹೋಯಿತು. ಅಷ್ಟು ದಿನದ ಎಸೆತವೆಲ್ಲ ಆ ಒಂದು ಕ್ಷಣದಲ್ಲಿ ಇಲ್ಲವಾಯಿತು. ನಮ್ಮ ಮೈದಾನದಲ್ಲಿ ಅಂಥ ಗೋಲು ಬಿದ್ದದ್ದನ್ನು ನೋಡಿರದ ಜನ ಕೂಗತೊಡಗಿದರು. ಬಾಣಾವರದಿಂದ ನೋಡಲು ಬಂದಿದ್ದ ಯಾರೋ, "ಬಿಟ್ಟ ನೋಡ್ರೋ! ಇಲ್ಲೂ ಬಿಟ್ಟ!" ಎಂದರು.

ಅರ್ಧವಿರಾಮಕ್ಕೆ ಮುಂಚೆ ನಮ್ಮವರು ಒಂದು ಗೋಲು ಹಾಕಿದರು. ಎಂದಿನಂತೆ ನೆಲ ಸವರಿಕೊಂಡು ಹೋದದ್ದು. ಒಂದಕ್ಕೊಂದು. ಹೀಗೇ ಮುಗಿದರೂ ಶೀಲ್ಡು ನಮ್ಮದು.

ಎರಡನೆಯ ಅರ್ಧದಲ್ಲಿ ಧರ್ಮೇಶ್ ಎಲ್ಲದಕ್ಕೂ ಹಾರಿದ. ಪೈಪಿನಿಂದ ಬಹಳ ಮೇಲೆ ಹೋಗುತ್ತಿದ್ದ ಚೆಂಡುಗಳಿಗೂ ಹಾರಿದ. "ಏ, ಅದು ಬಾಣಾವರಕ್ಕೆ ಹೋಗೋ ಚೆಂಡು ಕಣೋ, ಬಿಡೋ!" ಎಂದು ರುಕ್ಮಿಣಮ್ಮ ಗೆರೆಯ ಪಕ್ಕ ನಿಂತು ಅರಚಿದಳು. ಎರಡು ಸಲ ನಿಜಕ್ಕೂ ಒಳಗೆ ಬೀಳುತ್ತಿದ್ದ ಚೆಂಡುಗಳು ಅವನ ಬೆರಳಿಗೆ ಸಿಕ್ಕವು. ಇಂಥ ಚೆಂಡಿಗೆ ಅವನ ಕೈ ಹೋದದ್ದನ್ನು ನಾನು ಎಂದೂ ನೋಡಿರಲಿಲ್ಲ. ಮೂರನೆಯದು ಹಾಗೇ ಬಿಟ್ಟಿದ್ದರೆ ಹೊರಗೆ ಹೋಗುತ್ತಿತ್ತು. ಅದನ್ನೂ ತಾನೇ ತಟ್ಟಿ ಕಾರ್ನರ್ ಮಾಡಿಕೊಟ್ಟ. ಆ ಕಾರ್ನರಿನಿಂದ ಬಂದ ಚೆಂಡಿಗೆ ಅರೇಹಳ್ಳಿಯ ಉದ್ದನೆಯ ಹುಡುಗನೊಬ್ಬ ತಲೆ ಕೊಟ್ಟ. ಒಂದಕ್ಕೆ ಎರಡು.

ನಮ್ಮವರೆಲ್ಲ ಮುಂದೆ ಹೋದರು. ಹಿಂದೆ ಅವನೊಬ್ಬನೇ ಉಳಿದ. ಪಂದ್ಯ ಮುಗಿಯಲು ಇನ್ನೇನು ಸ್ವಲ್ಪವಿದೆ ಎನ್ನುವಾಗ ಲಾರೆನ್ಸ್‌ಗೆ ಚೆಂಡು ಸಿಕ್ಕಿತು. ಮೈದಾನದ ನಡುವಿನಿಂದಲೇ ಎತ್ತಿ ಹೊಡೆದ. ಹಳೇಬೀಡಿನಲ್ಲಿ ನಾನು ನೋಡಿದಂಥದೇ ಚೆಂಡು. ಮೆಲ್ಲಗೆ, ಎಲ್ಲರಿಗೂ ಕಾಣುವ ಹಾಗೆ ಬಂತು. ಧರ್ಮೇಶ್ ಎರಡು ಹೆಜ್ಜೆ ಹಿಂದೆ ಸರಿದ. ಮೊಣಕಾಲು ಬಾಗಿತು. ಇಡೀ ಮೈದಾನ ಅವನು ಹಾರುವುದನ್ನು ಕಾಯುತ್ತಿತ್ತು. ಅವನು ನೆಟ್ಟಗೆ ನಿಂತು ಕೈ ಕೆಳಗೆ ಬಿಟ್ಟ.

"ಹಿಡಿಯೋ!" ಎಂದು ಜಯದೇವಪ್ಪನವರು ಕಿರುಚಿದರು.

ಚೆಂಡು ಪೈಪಿನ ಮೇಲೆ, ಒಂದು ಗೇಣಿನಷ್ಟೂ ಅಂತರವಿಲ್ಲದ ಹಾಗೆ ದಾಟಿ ಹಿಂದಿನ ಜಾಲಿ ಗಿಡಗಳಲ್ಲಿ ಬಿತ್ತು.

ಅವನು ತಿರುಗಿಯೂ ನೋಡಲಿಲ್ಲ. ಗೋಲ್ ಕಿಕ್ಕಿಗೆ ಚೆಂಡು ತರಲು ನಡೆದುಹೋದ. ಅಷ್ಟರಲ್ಲಿ ಸೀಟಿ ಊದಿತು.

ಅರೇಹಳ್ಳಿಯವರು ಶೀಲ್ಡನ್ನು ಲಾರಿಯ ತಲೆಗೆ ಕಟ್ಟಿಕೊಂಡು ಹೋದರು. ಅಂಗಡಿಯಲ್ಲಿ ಜಯದೇವಪ್ಪನವರು ಟೀ ಆರುವವರೆಗೂ ಕುಡಿಯಲಿಲ್ಲ.

"ಈ ಸೀಸನ್ ನಮ್ಮನ್ನ ಸೋಲ್ಸಿದ್ದು ಅರೇಹಳ್ಳಿಯೋರಲ್ಲ ಕಣಮ್ಮ. ನಿಮ್ ಟೇಪು."

"ಹೌದು," ಎಂದೆ.

"ಅದೂ ಹೋಗ್ಲಿ. ಆ ಕೊನೇದನ್ನ ಮತ್ತೆ ಬಿಟ್ಯಲ್ಲೋ ನೀನು!"

"ಅದು ಮೇಲೆ ಹೋಗ್ತಿತ್ತು," ಎಂದ ಧರ್ಮೇಶ್.

"ಹಿಂದೇನೂ ಹಂಗೇ ಅಂತಿದ್ದೆ."

"ಹಿಂದೆ ಅಂದ್ಕೊಂಡಿದ್ದೆ. ಇವತ್ತು ನೋಡ್ದೆ."

ಒಂದು ಚೆಂಡಿನಿಂದ ಏನನ್ನೂ ಹೇಳಲಾಗದು ಎಂದು ನನಗೆ ಗೊತ್ತು. ಅದು ಆಕಸ್ಮಿಕವೂ ಇರಬಹುದು. ಇದನ್ನು ಅವನಿಗೆ ಹೇಳಿಯೂ ಹೇಳಿದೆ. "ಹಂಗಾದ್ರೆ ನಾಳೆ ಬೆಳಿಗ್ಗೆ ಇನ್ನೂ ಜಾಸ್ತಿ ಎಸಿ," ಎಂದ. ಎಸೆದೆ.

ಟ್ರಯಲ್ಲಿಗೆ ಹೋಗಿ ಬಂದ ದಿನ ಸಂಜೆಯ ಪ್ಯಾಸೆಂಜರಿನಿಂದ ಇಳಿದವನು ಮನೆಗೂ ಹೋಗದೆ ನೇರವಾಗಿ ಅಂಗಡಿಗೆ ಬಂದ. ಜಯದೇವಪ್ಪನವರು ಅವನಿಗೆ ಕೂರಲು ಬೆಂಚಿನ ತುದಿ ಬಿಟ್ಟುಕೊಟ್ಟರು.

"ಜೂನಿಂದ ಪ್ರಾಕ್ಟೀಸಿಗೆ ಬಾ ಅಂದ್ರು. ಮೊದಲನೇ ಟೀಮಲ್ಲ, ಎರಡನೇದು. ಕೆಲಸದ ಮಾತು ಇನ್ನೂ ಇಲ್ಲ."

"ಎರಡನೇ ಟೀಮಂದ್ರೆ ಯಾವ ಡಿವಿಷನ್ನು?" ಎಂದು ಚಂದ್ರಶೇಖರಯ್ಯನವರು ಕನ್ನಡಕ ಸರಿಮಾಡಿಕೊಂಡರು. "ಬಿ ಇರಬೇಕು. ಅದರ ಮೇಲೆ ಎ, ಅದರ ಮೇಲೆ ಸೂಪರ್, ಅದರ ಮೇಲೆ ನ್ಯಾಷನಲ್ ಲೀಗ್..."

"ಆ ಏಣಿ ಆಮೇಲೆ ಹತ್ತುಸ್ರಿ ಸ್ವಾಮಿ. ಮೊದ್ಲು ಅವ್ನು ಹೇಳ್ಲಿ. ಎಷ್ಟು ಗೋಲು ಬಿಟ್ಯೋ?" ಎಂದರು ಜಯದೇವಪ್ಪ.

"ಎರಡು."

"ಮೇಲಿಂದಾನಾ?" ಎಂದು ಕೇಳಿದವಳು ನಾನು.

"ಒಂದು ಮೇಲಿಂದ. ಅದು ಹಿಡಿಯೋ ಅಂಥದ್ದಲ್ಲ ಬಿಡು, ಹಾರಿದ್ದೆ, ಸಿಗ್ಲಿಲ್ಲ. ಇನ್ನೊಂದು..." ಅವನು ಬೋಂಡ ಮುರಿಯುತ್ತಾ ತಲೆ ತಗ್ಗಿಸಿದ. "ಇನ್ನೊಂದು ಕಾಲ ಸಂದೀಲಿ ಹೋಯ್ತು."

ರುಕ್ಮಿಣಮ್ಮ ಸೌಟು ಕೆಳಗಿಟ್ಟು ನಕ್ಕಳು. "ಅದುಕ್ಕೆ ಯಾವ್ ಟೇಪು ಹಿಡೀತೀರಿ ಮೇಡಮ್ಮೋರೆ?"

"ಯಾವ್ದೂ ಹಿಡಿಯೋದು ಬೇಡ," ಎಂದ ಧರ್ಮೇಶ್. ಮಾಡಿದ ತಪ್ಪನ್ನು ಅಷ್ಟು ಸಂತೋಷದಿಂದ ಹೇಳುವವರನ್ನು ನಾನು ನೋಡಿರಲಿಲ್ಲ. "ಆ ಗೋಲು ಪೂರ್ತಿ ನಂದೇ."